ಎಪಿಐ 200 ಅಂತಿದೆ, ಆದ್ರೆ ಕನ್ನಡ ಎಸ್ಸೆಮ್ಮೆಸ್ ಮಾತ್ರ ಬರ್ತಿಲ್ಲ

ಹಾಲಿನ_ಲೆಕ್ಕ:
ನಮಸ್ಕಾರ ಎಲ್ರಿಗೂ. ನಮ್ಮೂರ ಹಾಲಿನ ಡೈರಿಗೆ ಒಂದು ಸಣ್ಣ ಪ್ರೋಗ್ರಾಂ ಮಾಡ್ಕೊಡ್ತಿದೀನಿ, ಬೆಳಿಗ್ಗೆ ಹಾಲು ಹಾಕಿದ್ಮೇಲೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ದುಡ್ಡೆಷ್ಟು ಅಂತ ಮೆಂಬರ್‌ಗೆ ಮೆಸೇಜ್ ಹೋಗ್ಬೇಕು. ಡಿಎಲ್‌ಟಿಲಿ (ಟೆಲಿಕಾಂ ಕಂಪನಿಗಳ ಎಸ್ಸೆಮ್ಮೆಸ್ ನೋಂದಣಿ ಪೋರ್ಟಲ್) ಹೆಡರ್ (ಕಳ್ಸೋರ ಹೆಸರು), ಟೆಂಪ್ಲೇಟ್ (ಮೆಸೇಜಿನ ಮಾದರಿ) ಎರಡೂ ಅಪ್ರೂವ್ ಆಗಿದೆ. ಪೋಸ್ಟ್‌ಮ್ಯಾನಲ್ಲಿ (ಟೆಸ್ಟಿಂಗ್ ಟೂಲ್) ಎಸ್ಸೆಮ್ಮೆಸ್ ಕಂಪನಿಯ ಎಪಿಐನ, ಅಂದ್ರೆ ಪ್ರೋಗ್ರಾಂನಿಂದ ಮೆಸೇಜ್ ಕಳ್ಸೋ ದಾರಿನ, ಟೆಸ್ಟ್ ಮಾಡಿದ್ರೆ 200 ಬರುತ್ತೆ, ಮೆಸೇಜ್ ಐಡಿನೂ ಕೊಡುತ್ತೆ, ಫೋನಿಗೆ ಮಾತ್ರ ಏನೂ ಇಲ್ಲ. ಇಂಗ್ಲಿಷ್ ಟೆಂಪ್ಲೇಟ್ ಹಾಕಿದ್ರೆ ಟಣ್ ಅಂತ ಬರುತ್ತೆ. ಎರಡು ದಿನದಿಂದ ತಲೆ ಕೆಟ್ಟೋಗಿದೆ.

ಕೋಡುಬಳೆ:
200 ಅಂದ್ರೆ ಅವ್ರ ಸರ್ವರ್ ರಿಕ್ವೆಸ್ಟ್ ತಗೊಂಡ್ತು ಅಂತ ಅಷ್ಟೇ ಸರ್, ತಲುಪಿಸ್ತು ಅಂತಲ್ಲ. ಆ ಮೆಸೇಜ್ ಐಡಿ ಇಟ್ಕೊಂಡು ಡೆಲಿವರಿ ರಿಪೋರ್ಟ್ ನೋಡಿ, ಅಸಲಿ ಕಥೆ ಅಲ್ಲಿರುತ್ತೆ. ಮತ್ತೆ ಕನ್ನಡ ಅಕ್ಷರ ಕಳ್ಸೋಕೆ ಬೇಕಾದ ಯೂನಿಕೋಡ್ ಆಪ್ಷನ್ ಆನ್ ಇದ್ಯಾ?

ಹಾಲಿನ_ಲೆಕ್ಕ:
ಆನ್ ಇದೆ. ರಿಪೋರ್ಟಲ್ಲಿ ಟೆಂಪ್ಲೇಟ್ ಮ್ಯಾಚ್ ಆಗಿಲ್ಲ ಅಂತಿದೆ. ಆದ್ರೆ ಪೋರ್ಟಲ್‌ದೂ ನನ್ ಕೋಡ್‌ದೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿದೀನಿ, ಒಂದೇ ಇದೆ!!

ಕೋಡುಬಳೆ:
ಕಣ್ಣಲ್ಲಿ ನೋಡಿದ್ರೆ ಸಿಗಲ್ಲ. ಟ್ರಾಯ್ (ಟೆಲಿಕಾಂ ನಿಯಂತ್ರಣ ಸಂಸ್ಥೆ) 2018ರ ನಿಯಮ ಬಂದ್ಮೇಲೆ ಆಪರೇಟರ್ ಕಡೆ ಮೆಸೇಜನ್ನ ಅಪ್ರೂವ್ ಆದ ಟೆಂಪ್ಲೇಟ್ ಜೊತೆ ತಾಳೆ ನೋಡಿನೇ ಬಿಡೋದು, ವೇರಿಯಬಲ್ ಜಾಗ (ಪ್ರತಿ ಸಲ ಬದಲಾಗೋ ಅಂಕಿ ಬರೋ ಜಾಗ) ಬಿಟ್ಟು ಬೇರೆಲ್ಲಾದ್ರೂ ಒಂದು ಸ್ಪೇಸ್ ಜಾಸ್ತಿ ಇದ್ರೂ ತಡೀಬಹುದು. ಎರಡೂ ಟೆಕ್ಸ್ಟಿನ ಉದ್ದ ಪ್ರಿಂಟ್ ಮಾಡಿ, ಆಮೇಲೆ ಒಂದೊಂದೇ ಕ್ಯಾರೆಕ್ಟರಿನ ನಂಬರ್, ಅಂದ್ರೆ ಕೋಡ್‌ಪಾಯಿಂಟ್. "ಲೀಟರ್" "ಫ್ಯಾಟ್" ಕೊನೇಲಿ ಅರ್ಧಾಕ್ಷರ ಇದ್ಯಲ್ಲ, ಕೆಲವು ಕೀಬೋರ್ಡು ಅದಾದ್ಮೇಲೆ ಕಾಣದೇ ಇರೋ ಒಂದು ಕ್ಯಾರೆಕ್ಟರ್ ಸೇರ್ಸುತ್ತೆ, ಯೂನಿಕೋಡಲ್ಲಿ 200ಸಿ. ಇನ್ನೊಂದು ಕೀಬೋರ್ಡು ಸೇರ್ಸಲ್ಲ. ನೋಡೋಕೆ ಎರಡೂ ಒಂದೇ.

ಹಾಲಿನ_ಲೆಕ್ಕ:
ಅಯ್ಯೋ ದೇವ್ರೇ. ಪೋರ್ಟಲಲ್ಲಿ ಎರಡು ಜಾಸ್ತಿ ಇದೆ, ಸರಿಯಾಗಿ ಆ ಎರಡು ಪದದ ಕೊನೇಲೇ. ಟೆಂಪ್ಲೇಟ್ ಟೈಪ್ ಮಾಡಿದ್ದು ಡೈರಿ ಸೆಕ್ರೆಟರಿ, ಅವ್ರ ಕಂಪ್ಯೂಟರಲ್ಲಿ. ನಾನು ನನ್ ಲ್ಯಾಪ್‌ಟಾಪಲ್ಲಿ ಮತ್ತೆ ಟೈಪ್ ಮಾಡಿದ್ದೆ. ಈಗ ಪೋರ್ಟಲಿಂದ್ಲೇ ಕಾಪಿ ಮಾಡಿ ಹಾಕ್ದೆ, ಬಂತು!

ರಾಗಿಮುದ್ದೆ:
ಖುಷಿ ಆಯ್ತು, ಆದ್ರೆ ಬಿಲ್ ನೋಡ್ಕೊಳ್ಳಿ. ಕನ್ನಡದಲ್ಲಿ ಒಂದು ಮೆಸೇಜಿಗೆ 70 ಕ್ಯಾರೆಕ್ಟರ್ ಅಷ್ಟೇ, ದಾಟಿದ್ರೆ ಒಂದೊಂದು ತುಂಡಿಗೆ 67 ಲೆಕ್ಕ. "ಫ್ಯಾ" ನಮಗೆ ಒಂದಕ್ಷರ, ಅವ್ರಿಗೆ ನಾಲ್ಕು. ಆ ಕಾಣದ ಕ್ಯಾರೆಕ್ಟರಿಗೂ ಲೆಕ್ಕ ಇದೆ. ಟೆಸ್ಟ್ ನಿಮ್ಮ ನಂಬರಿಗೆ ಮಾತ್ರ ಮಾಡಿ, ನಾನೊಂದ್ಸಲ ಲೂಪಲ್ಲಿ ಬಿಟ್ಟು ಬ್ಯಾಲೆನ್ಸ್ ಖಾಲಿ ಮಾಡ್ಕೊಂಡಿದ್ದೆ, ಮನೇಲಿ ಇನ್ನೂ ಹೇಳಿಲ್ಲ.

ಹಾಲಿನ_ಲೆಕ್ಕ:
ಈಗ ಎಣಿಸ್ದೆ, 74 ಇದೆ. ಅಂದ್ರೆ ದಿನಾ ಎರಡು ಮೆಸೇಜ್ ದುಡ್ಡು. ಕೊನೇಲಿರೋ "ಧನ್ಯವಾದಗಳು" ಒಂದೇ 10 ತಿಂತಿದೆ. ಸೆಕ್ರೆಟರಿಗೆ ಅದನ್ನ ತೆಗೆಯೋಣ ಅಂದ್ರೆ ಮರ್ಯಾದೆ ಇರಲ್ವಾ ಅಂತಾರೆ, ಹಾಗಾಗಿ ಆ ಎರಡು ಕಾಣದ್ದನ್ನ ತೆಗೆದು "ಮೊತ್ತ" ಅನ್ನೋದನ್ನೇ ಬಿಟ್ಟು ಬರೀ ರೂ. ಅಂತ ಹಾಕಿ ಹೊಸ ಟೆಂಪ್ಲೇಟ್ ಅಪ್ಲೈ ಮಾಡಿದೀನಿ. ಈ ಸಲ ಟೈಪ್ ಮಾಡಿದ್ದು ನಾನೇ.