ಫ್ಲಾರೆನ್ಸ್‌ನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಸಣ್ಣ ಊರುಗಳು: ಯಾವುದನ್ನು ಆರಿಸಬೇಕು?

ಪ್ರಶ್ನೆ (ಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್‌ನಲ್ಲಿ ನಾನು, ನನ್ನ ಪತ್ನಿ ಮತ್ತು ನನ್ನ ತಾಯಿ ಇಟಲಿಗೆ ಹೊರಟಿದ್ದೇವೆ. ಪದೇ ಪದೇ ಹೋಟೆಲ್ ಬದಲಿಸುವುದು ತಾಯಿಯವರಿಗೆ ಆಯಾಸವಾಗುವುದರಿಂದ, ಒಂದು ವಾರ ಫ್ಲಾರೆನ್ಸ್‌ನಲ್ಲಿಯೇ ತಂಗಿದ್ದು, ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳುವಂತೆ ಎರಡು ಮೂರು ಸಣ್ಣ ಊರುಗಳನ್ನು ನೋಡಬೇಕೆಂದಿದ್ದೇವೆ. ಸಿಯೆನಾ, ಪೀಸಾ, ಲುಕ್ಕಾ, ಸಾನ್ ಜಿಮಿನ್ಯಾನೊ, ಚಿಂಕ್ವೆ ತೆರ್ರೆ ಎಂಬ ಹೆಸರುಗಳು ಎಲ್ಲೆಡೆ ಸಿಗುತ್ತವೆ. ಆದರೆ ಯಾವುದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ತಾಯಿಯವರು ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಎಷ್ಟು ಹೊತ್ತಾದರೂ ನಡೆಯುತ್ತಾರೆ. ಏರು ಅಥವಾ ಮೆಟ್ಟಿಲು ಬಂದರೆ ಮಂಡಿನೋವು ಕಾಡುತ್ತದೆ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಕಾರನ್ನು ಬಾಡಿಗೆಗೆ ಪಡೆಯುವ ಉದ್ದೇಶವಿಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಲ್ಲೇಶ್ವರದಿಂದ)

ಸರ್, ಊರಿನ ಖ್ಯಾತಿಯನ್ನು ನೋಡಿ ಆರಿಸುವ ಬದಲು, ರೈಲು ಅಥವಾ ಬಸ್ಸು ಇಳಿದ ಜಾಗದಿಂದ ಊರಿನ ನಡುಭಾಗಕ್ಕೆ ಎಷ್ಟು ದೂರವಿದೆ, ಎಷ್ಟು ಏರಿದೆ ಎಂಬುದನ್ನು ನೋಡಿ ಆರಿಸಿರಿ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಹಳೆಯ ಊರುಗಳಲ್ಲಿ ಹಲವು ರಕ್ಷಣೆಗಾಗಿ ಗುಡ್ಡದ ನೆತ್ತಿಯ ಮೇಲೆ ಬೆಳೆದವು. 19ನೆಯ ಶತಮಾನದಲ್ಲಿ ಬಂದ ರೈಲು ಕೆಳಗಿನ ಕಣಿವೆಯಲ್ಲಿಯೇ ಉಳಿಯಿತು. ಹೀಗಾಗಿ ನಕ್ಷೆಯಲ್ಲಿ ನಿಲ್ದಾಣವೂ ಊರೂ ಅಕ್ಕಪಕ್ಕದಲ್ಲಿಯೇ ಕಂಡರೂ, ನಡುವೆ ತಾಯಿಯವರ ಮಂಡಿಗೆ ಒಗ್ಗದ ಏರು ಇರಬಹುದು.

ಈ ದೃಷ್ಟಿಯಿಂದ ನಿಮಗೆ ಮೊದಲು ಹೊಂದುವುದು ಲುಕ್ಕಾ. ಫ್ಲಾರೆನ್ಸ್‌ನ ಸಾಂತಾ ಮಾರಿಯಾ ನೊವೆಲ್ಲಾ ನಿಲ್ದಾಣದಿಂದ ನೇರ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪುತ್ತೀರಿ. ನಿಲ್ದಾಣದಿಂದ ಹೊರಬಂದರೆ ರಸ್ತೆಯಾಚೆಗೇ ಕೋಟೆಯ ಗೋಡೆ. 16 ಮತ್ತು 17ನೆಯ ಶತಮಾನಗಳಲ್ಲಿ ಕಟ್ಟಿದ ಈ ಗೋಡೆ ಊರನ್ನು ಸುಮಾರು 4.2 ಕಿಲೋಮೀಟರ್ ಉದ್ದಕ್ಕೆ ಪೂರ್ತಿಯಾಗಿ ಸುತ್ತುವರಿದಿದ್ದು, ಅದರ ಮೇಲೆ ಮರಗಳ ಸಾಲಿನ ನಡುವೆ ಅಗಲವಾದ, ಸಮತಟ್ಟಾದ ದಾರಿಯಿದೆ. ಇಳಿಜಾರಿನ ಹಾದಿಯಲ್ಲಿ ಒಮ್ಮೆ ಮೇಲೆ ಬಂದರೆ ಸಾಕು. ಅಲ್ಲಲ್ಲಿ ಬೆಂಚುಗಳ ಮೇಲೆ ಕುಳಿತು, ಒಂದು ಕಡೆ ಊರನ್ನೂ ಇನ್ನೊಂದು ಕಡೆ ಬೆಟ್ಟಗಳನ್ನೂ ನೋಡುತ್ತ ತಾಯಿಯವರು ಮನಸ್ಸಿಗೆ ಬಂದಷ್ಟು ನಡೆಯಬಹುದು. ಊರಿನೊಳಗೂ ನೆಲ ಸಮತಟ್ಟಾಗಿಯೇ ಇದೆ. ರೋಮನ್ ಕಾಲದ ಬಯಲು ರಂಗಮಂದಿರದ ಅವಶೇಷಗಳ ಮೇಲೆಯೇ ಮನೆಗಳು ಎದ್ದಿರುವುದರಿಂದ ಅಲ್ಲಿನ ಒಂದು ಚೌಕ ಇಂದಿಗೂ ಅಂಡಾಕಾರದಲ್ಲಿದೆ. ಹೆಚ್ಚಿನವರು ಅದರ ಒಳಗೆ ನಿಂತು ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಅದರ ಹೊರಸುತ್ತಿನ ಬೀದಿಯಲ್ಲಿ ನಡೆಯಿರಿ: ಮನೆಗಳ ಗೋಡೆಯಲ್ಲಿ ಸೇರಿಹೋದ ರೋಮನ್ ಕಮಾನುಗಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ, ಅವುಗಳ ಮೇಲಿನ ಕಿಟಕಿಗಳಲ್ಲಿ ಇಂದಿನ ಸಂಸಾರಗಳ ಬಟ್ಟೆ ಒಣಗುತ್ತಿರುತ್ತದೆ.

ಮರಳುವಾಗ ಪೀಸಾವನ್ನೂ ಸೇರಿಸಿಕೊಳ್ಳಬಹುದು. ಲುಕ್ಕಾದಿಂದ ಬರುವ ರೈಲು ನಿಲ್ಲುವ ಪೀಸಾ ಸಾನ್ ರೊಸ್ಸೊರೆ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರೆ ವಾಲುಗೋಪುರ ಕೆಲವೇ ನಿಮಿಷಗಳ ದಾರಿ. ಒಂದು ಎಚ್ಚರಿಕೆ: ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ದಿನಗಳ ಸುಮಾರಿಗೆ ಲುಕ್ಕಾದಲ್ಲಿ ಕಾಮಿಕ್ಸ್ ಉತ್ಸವ ನಡೆಯುತ್ತದೆ, ಆಗ ಊರಿನೊಳಗೆ ಕಾಲಿಡಲು ಜಾಗವಿರುವುದಿಲ್ಲ, ಆ ದಿನಾಂಕಗಳನ್ನು ತಪ್ಪಿಸಿರಿ.

ಚಿಂಕ್ವೆ ತೆರ್ರೆಯನ್ನು ಈ ಸಲ ಬಿಡಿ. ದೂರವೂ ಹೆಚ್ಚು, ಮೆಟ್ಟಿಲುಗಳೂ ಹೆಚ್ಚು. ಸಾನ್ ಜಿಮಿನ್ಯಾನೊಗೆ ರೈಲೇ ಇಲ್ಲ, ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು, ಮೇಲಾಗಿ ಊರೆಲ್ಲ ಏರಿಳಿತ.

ಉತ್ತರ 2 (ರಾಜಾಜಿನಗರದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಅದೇ ಅಳತೆಗೋಲಿನಿಂದ ಸಿಯೆನಾವನ್ನು ಕೈಬಿಡಬೇಡಿ, ರೈಲನ್ನು ಮಾತ್ರ ಕೈಬಿಡಿ. ಸಿಯೆನಾದ ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ; ಫ್ಲಾರೆನ್ಸ್‌ನ ರೈಲು ನಿಲ್ದಾಣದ ಪಕ್ಕದಿಂದಲೇ ಹೊರಡುವ ವೇಗದ ಬಸ್ಸಾದರೋ ಸುಮಾರು ಒಂದೂಕಾಲು ಗಂಟೆಯಲ್ಲಿ ಮೇಲಿರುವ ಹಳೆಯ ಊರಿನ ಅಂಚಿನಲ್ಲಿಯೇ ಇಳಿಸುತ್ತದೆ. ಅಲ್ಲಿಂದ ಕಾಂಪೊ ಚೌಕಕ್ಕೆ ಹತ್ತು ನಿಮಿಷಗಳ ನಡಿಗೆ. ಪ್ರಧಾನ ಚರ್ಚಿನ ಪಕ್ಕದಲ್ಲಿ ಛಾವಣಿಯಿಲ್ಲದೆ ನಿಂತಿರುವ ದೊಡ್ಡ ಗೋಡೆಯೊಂದನ್ನು ತಪ್ಪದೆ ನೋಡಿ. ಚರ್ಚನ್ನು ಇನ್ನಷ್ಟು ವಿಸ್ತರಿಸಬೇಕೆಂದು 1339ರಲ್ಲಿ ಕೈಗೊಂಡ ಕೆಲಸ 1348ರ ಪ್ಲೇಗಿನ ನಂತರ ಅಲ್ಲಿಗೇ ನಿಂತಿತು. ಚರ್ಚಿನ ಒಳಗಿನ ಅಮೃತಶಿಲೆಯ ಚಿತ್ರನೆಲವನ್ನು ವರ್ಷದ ಹೆಚ್ಚಿನ ಕಾಲ ಬಹುಮಟ್ಟಿಗೆ ಮುಚ್ಚಿಟ್ಟಿರುತ್ತಾರೆ. ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದವರೆಗೆ ತೆರೆದಿರುವುದರಿಂದ, ಸಾಧ್ಯವಾದರೆ ತಿಂಗಳ ಮೊದಲಾರ್ಧದಲ್ಲಿಯೇ ಹೋಗಿ. ಬೀದಿಗಳಲ್ಲಿ ಏರಿಳಿತ ಇದ್ದೇ ಇದೆ. ತಾಯಿಯವರು ಕಾಂಪೊದಲ್ಲಿ ಕಾಫಿ ಕುಡಿಯುತ್ತ ಕುಳಿತಿರಲಿ, ನೀವಿಬ್ಬರೂ ಸುತ್ತಿ ಬನ್ನಿ.

ಉತ್ತರ 3 (ಬಸವನಗುಡಿಯಿಂದ)

ಊಟದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಅಮ್ಮನವರಿಗೆ ಲುಕ್ಕಾ ಮತ್ತು ಪೀಸಾದಲ್ಲಿ ಚೆಚಿನಾ ಕೊಡಿಸಿ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಲೆಯಲ್ಲಿ ಬೇಯಿಸಿ, ಅಂಚು ಗರಿಯಾಗಿರುವಾಗಲೇ ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಸಿಯೆನಾದಲ್ಲಿ ಪೀಚಿ ಎಂಬ ದಪ್ಪ ಶಾವಿಗೆಯನ್ನು ಸಾಮಾನ್ಯವಾಗಿ ಹಿಟ್ಟು ಮತ್ತು ನೀರಿನಿಂದಲೇ ಹೊಸೆಯುತ್ತಾರೆ, ಆದರೂ ಮೊಟ್ಟೆ ಸೇರಿಸಿದ್ದಾರೆಯೇ ಎಂದು ಕೇಳಿಬಿಡಿ, ಏಕೆಂದರೆ ತಾಜಾ ಪಾಸ್ತಾದ ಬೇರೆ ಬಗೆಗಳಲ್ಲಿ ಮೊಟ್ಟೆ ಇರುವುದೇ ಹೆಚ್ಚು. ಬೀನ್ಸ್ ಕಾಳು, ಸೊಪ್ಪು, ಬ್ರೆಡ್ಡು ಹಾಕಿದ ರಿಬೊಲ್ಲಿತಾ ಸಾರು ಹೊಟ್ಟೆ ತುಂಬಿಸುತ್ತದೆ. ಮಾಂಸದ ನೀರಿನಲ್ಲಿ ಬೇಯಿಸಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪಾರ್ಮೆಜಾನೊ ಚೀಸಿನ ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಒಡೆಸುತ್ತಾರೆ, ಆದ್ದರಿಂದ ಅಮ್ಮನವರ ತಟ್ಟೆಗೆ ಅದನ್ನು ತುರಿಯದಂತೆ ಮೊದಲೇ ಹೇಳಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿದರೆ ಅಡುಗೆಮನೆಗಳು ಮುಚ್ಚಿ ಸಂಜೆಯೇ ತೆರೆಯುವುದರಿಂದ ಒಂದು ಗಂಟೆಯೊಳಗೆ ಕುಳಿತುಬಿಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಲುಕ್ಕಾ ಮತ್ತು ಪೀಸಾಕ್ಕೆ ಒಂದು ದಿನ, ಸಿಯೆನಾಕ್ಕೆ ಒಂದು ದಿನ ಎಂದು ನಿಶ್ಚಯಿಸಿದ್ದೇವೆ. ಲುಕ್ಕಾದ ಟಿಕೆಟ್ಟನ್ನು ಇಲ್ಲಿಂದಲೇ ಕಾದಿರಿಸಬೇಕೇ?

ಉತ್ತರ 1 (ಮಲ್ಲೇಶ್ವರದಿಂದ)

ಅಗತ್ಯವಿಲ್ಲ, ಸರ್. ಅವು ಪ್ರಾದೇಶಿಕ ರೈಲುಗಳು. ಮೊದಲೇ ಕೊಂಡರೂ ಅದೇ ದರ, ಆಸನದ ಸಂಖ್ಯೆಯೂ ಇರುವುದಿಲ್ಲ. ನಿಲ್ದಾಣದಲ್ಲಿ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಅಲ್ಲಿನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲವಾದರೆ ದಂಡ ಬೀಳುತ್ತದೆ. ಅಲ್ಲಿ ರೈಲು ಮುಷ್ಕರಗಳು ಆಗಾಗ ನಡೆಯುತ್ತವೆ, ಆದರೆ ದಿನಾಂಕವನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ವಾರದ ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ಮಾರ್ಗಗಳಲ್ಲಿ ಕನಿಷ್ಠ ಸೇವೆಯನ್ನು ಉಳಿಸಿಕೊಳ್ಳುವ ನಿಯಮವಿದೆ. ಆದ್ದರಿಂದ ಲುಕ್ಕಾ ಪ್ರವಾಸವನ್ನು ಭಾನುವಾರಕ್ಕೆ ಇಟ್ಟುಕೊಳ್ಳದೆ ವಾರದ ನಡುವಿಗೆ ಇಟ್ಟುಕೊಳ್ಳಿ.