ಅಪ್‌ಡೇಟ್: ಆಯಿ ಜರ್ಮನಿ ಮುಟ್ಟಿದಳು

ಶಿರಸಿಯಿಂದ ಆಯಿಯನ್ನು ಒಬ್ಬಳನ್ನೇ ಜರ್ಮನಿಗೆ, ತಂಗಿ ಮನೆಗೆ ಕಳಿಸಬೇಕು, ಏನೇನು ತಯಾರಿ ಬೇಕು ಎಂದು ಕೇಳಿದ್ದೆ. ಸುಖವಾಗಿ ಮುಟ್ಟಿದಳು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾತ್ರೆಯ ಸಲಹೆ. ಬಿಪಿ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ ಬಿಟ್ಟು, ಔಷಧದ ಮೂಲ ಹೆಸರಿರುವ ಡಾಕ್ಟರ ಇಂಗ್ಲಿಷ್ ಚೀಟಿ ಸಮೇತ ಕೈಚೀಲದಲ್ಲಿಟ್ಟೆವು. ದೊಡ್ಡ ಬ್ಯಾಗು ಬಂದದ್ದು ಮರುದಿನ. ಮಾತ್ರೆ ಮಾತ್ರ ತಪ್ಪಲಿಲ್ಲ. ಪವರ್ ಬ್ಯಾಂಕೂ ಕೈಚೀಲದಲ್ಲೇ. ಷೆಂಗೆನ್ ವೀಸಾಕ್ಕೆ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ, ಅದನ್ನು ಮೊದಲೇ ಮಾಡಿಸಿದ್ದೆವು.

ಮನೆಯ ತುಪ್ಪ ಬಿಡಬೇಕಾಯಿತು: ನಮ್ಮಲ್ಲಿಂದ ಹಾಲಿನ ಪದಾರ್ಥ, ಮಾಂಸವನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಆಯಿಗೆ ಬಹಳ ಬೇಜಾರಾಯಿತು, ನನಗೂ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಿಗಿಯಾಗಿ ಕಟ್ಟಿ ಚೆಕ್‌-ಇನ್ ಬ್ಯಾಗಿಗೆ ಹಾಕಿದ್ದು ಸೋರದೆ ತಲುಪಿದೆ.