ಒಂದೇ ವಯಸ್ಸಿನ ಎರಡು ಎಮ್ಮೆ ಮಣಕ: ಒಂದು ಗಬ್ಬ, ಇನ್ನೊಂದಕ್ಕೆ ‘ತಲೆಯಿಂದ ಅಪ್ಪಣೆ ಬಂದಿಲ್ಲ’

ಕರಿಮಣ್ಣು (ರೋಣ):
ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಎರಡು ಮಣಕಗಳಿವೆ. ಎರಡೂ ಒಂದೇ ಹಿಂಗಾರಿಯಲ್ಲಿ ಹುಟ್ಟಿದವು, ಮೂರು ವರ್ಷ ದಾಟಿವೆ. ಒಂದು ನಮ್ಮಲ್ಲೇ ಬೆಳೆದದ್ದು. ಶೇಂಗಾ ಹೊಟ್ಟು, ಹತ್ತಿಕಾಳು ಹಿಂಡಿ, ಹಸಿ ಮೇವು ಯಾವುದಕ್ಕೂ ಕೊರತೆ ಆಗಲಿಲ್ಲ. ದೀಪಾವಳಿ ಹೊತ್ತಿಗೆ ಬೆದೆಗೆ ಬಂದು ಈಗ ಗಬ್ಬ ಇದೆ. ಇನ್ನೊಂದನ್ನು ಕರುವಿದ್ದಾಗಲೇ ಅಕ್ಕನ ಮನೆಗೆ ಕೊಟ್ಟಿದ್ದೆವು. ಅಲ್ಲಿ ಮಳೆ ಕೈಕೊಟ್ಟು, ಅದು ಬರೀ ಜೋಳದ ಕಣಕಿ ತಿಂದು ಬೆಳೆಯಿತು. ಈಚೆಗೆ ವಾಪಸು ತಂದಿದ್ದೇವೆ. ಪಕ್ಕೆಲುಬು ಎಣಿಸಬಹುದು. ಬೆದೆಯ ಸುಳಿವೇ ಇಲ್ಲ.

ಡಾಕ್ಟರು ಕೈ ಹಾಕಿ ನೋಡಿ, “ಗರ್ಭಕೋಶ ಇನ್ನೂ ಎಳೆಯದು, ದೋಷವೇನಿಲ್ಲ. ತಲೆಯಿಂದ ಅಪ್ಪಣೆ ಬಂದಿಲ್ಲ” ಎಂದು ಬೈಕ್ ಹತ್ತಿ ಹೋದರು. ಬೆದೆ ಹೊಟ್ಟೆಯೊಳಗಿನ ವಿಷಯ, ಇದರಲ್ಲಿ ತಲೆಗೇನು ಕೆಲಸ? ಹಾರ್ಮೋನ್ ಇಂಜೆಕ್ಷನ್ ಮಾಡಿಸು ಎಂದು ಊರಿನವರೊಬ್ಬರು ಬೆನ್ನುಬಿದ್ದಿದ್ದಾರೆ.

ಕುರಿಹಟ್ಟಿ (ರಾಣೆಬೆನ್ನೂರು):
ಅಣ್ಣ, ತಲೆಯೂ ಇಲ್ಲ ಗಿಲೆಯೂ ಇಲ್ಲ. ಹಿಂಡಿ ಹಾಕು, ಪಕ್ಕದಲ್ಲೊಂದು ಕೋಣ ಕಟ್ಟು. ಕೊಯ್ಲಾದ ಹೊಲದಲ್ಲಿ ಚೆನ್ನಾಗಿ ಮೇಯ್ದ ವರ್ಷ ನಮ್ಮ ಹೆಣ್ಣುಮರಿಗಳೂ ಬೇಗ ಬೆದೆಗೆ ಬರುತ್ತವೆ.

ನಿವೃತ್ತ ಮಾಸ್ತರ (ಧಾರವಾಡ):
ಕುರಿಹಟ್ಟಿಯವರ ಮದ್ದು ಸರಿ, ಕಾರಣ ಸರಿಯಲ್ಲ. ಹಿಂಡಿ ಕೆಲಸ ಮಾಡುವುದೇ ತಲೆಯ ಮೂಲಕ.

ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ಮಾಂಸದ ಅಂಗಡಿಯಿಂದ ಕುರಿಯ ತಲೆ ತರಿಸಿ ಮೆದುಳು ಬಿಡಿಸಿ ತೋರಿಸುತ್ತಿದ್ದೆ. ಮೆದುಳನ್ನು ಬೋರಲು ಹಾಕಿದರೆ ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗ ಕಾಣುತ್ತದೆ. ಅದರ ಬೆನ್ನಿಗಿರುವ ಮೆತ್ತನೆಯ ಬೂದು ಭಾಗವೇ ಹೈಪೊಥಲಾಮಸ್. ಅಲ್ಲಿಂದ ಒಂದು ತೆಳು ಕಾಂಡ ಇಳಿದು ಅದರ ತುದಿಗೆ ಪಿಟ್ಯುಟರಿ ಗ್ರಂಥಿ ಇರುತ್ತದೆ. ಅವಸರದಿಂದ ಮೆದುಳು ಎತ್ತಿದರೆ ಕಾಂಡ ಹರಿದು ಗ್ರಂಥಿ ಎಲುಬಿನ ಗುಳಿಯಲ್ಲೇ ಉಳಿದುಬಿಡುತ್ತದೆ. ಹುಡುಗರು ಯಾವಾಗಲೂ ಹರಿಯುತ್ತಿದ್ದರು.

ಡಾಕ್ಟರು ಹೇಳಿದ ಅಪ್ಪಣೆ ಹೊರಡುವುದು ಇಲ್ಲಿಂದ. ಇಷ್ಟು ದೊಡ್ಡ ಮೆದುಳಿನಲ್ಲಿ ಆ ಕೆಲಸದ ನರಕೋಶಗಳು ಬೆರಳೆಣಿಕೆಯಷ್ಟು ಎನ್ನಬೇಕು. ಮನುಷ್ಯರಲ್ಲಿ ಒಂದೆರಡು ಸಾವಿರ. ಅವು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಸುರಿಸುತ್ತವೆ. ಅದು ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ. 1971ರಲ್ಲಿ ಇದರ ರಚನೆ ತಿಳಿಯಿತು. ಈ ಹಾರ್ಮೋನನ್ನು ಬೇರ್ಪಡಿಸಲು ವಿಜ್ಞಾನಿ ಆಂಡ್ರ್ಯೂ ಶಾಲಿ ಅವರ ತಂಡ ಹಂದಿಯ ಮೆದುಳು ಅರೆಯಿತು, ರೋಜರ್ ಗಿಯ್ಮಾನ್ ಅವರ ತಂಡ ಕುರಿಯದು, ಅದೂ ಲಕ್ಷಗಟ್ಟಲೆ. (ಕುರಿಹಟ್ಟಿಯವರು ಎದೆ ಗಟ್ಟಿ ಮಾಡಿಕೊಳ್ಳಬೇಕು.) 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಂಡಾಶಯವಂತೂ ಎಳವೆಯಲ್ಲೇ ಬಹುಮಟ್ಟಿಗೆ ತಯಾರಿರುತ್ತದೆ. ಅಮೆರಿಕದ ಅರ್ನ್ಸ್ಟ್ ನೋಬಿಲ್ ಅವರ ತಂಡ ಪ್ರಾಯಕ್ಕೆ ಬಾರದ ಹೆಣ್ಣು ಮಂಗಗಳಿಗೆ ಗಂಟೆಗೊಮ್ಮೆ ಈ ಹಾರ್ಮೋನನ್ನು ಸ್ವಲ್ಪ ಸ್ವಲ್ಪ ಕೊಟ್ಟಾಗ ಅವುಗಳಲ್ಲಿ ಋತುಚಕ್ರ ಶುರುವಾಯಿತು. ನಿಲ್ಲಿಸಿದಾಗ ಮತ್ತೆ ಮರಿಗಳಂತಾದವು. 1980ರಲ್ಲಿ ಪ್ರಕಟವಾದ ಕೆಲಸ ಇದು. ಅಂದರೆ ತಡೆದು ಕೂತಿದ್ದದ್ದು ಮೆದುಳೇ.

ಅದು ಏನನ್ನು ನೋಡಿ ತಡೆ ಬಿಡುತ್ತದೆ? ಮುಖ್ಯವಾಗಿ ಮೈಯಲ್ಲಿನ ಕೂಡಿಟ್ಟ ಗಂಟನ್ನು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ, 1994ರಲ್ಲಿ ಪತ್ತೆಯಾದದ್ದು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಲಿಗಳು ಎಷ್ಟು ದಪ್ಪವಾದರೂ ಬಂಜೆಗಳೇ. ಕೊಬ್ಬು ಇದ್ದೂ ಮೆದುಳಿಗೆ ಸುದ್ದಿ ಮುಟ್ಟಿರುವುದಿಲ್ಲ. ಈ ಸುದ್ದಿಯನ್ನು ಜಿಎನ್‌ಆರ್‌ಎಚ್ ಕೋಶಗಳಿಗೆ ದಾಟಿಸುವವರಲ್ಲಿ ಕಿಸ್‌ಪೆಪ್ಟಿನ್ ಎಂಬ ಸುದ್ದಿ ಒಯ್ಯುವ ವಸ್ತುವನ್ನು ತಯಾರಿಸುವ ಮೆದುಳಿನ ಕೋಶಗಳು ಮುಖ್ಯ. ಕಿಸ್‌ಪೆಪ್ಟಿನ್ನಿನ ಗ್ರಾಹಕ (ಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಭಾಗ) ಕೆಟ್ಟಿರುವ ಮನುಷ್ಯರು ಪ್ರಾಯಕ್ಕೇ ಬರುವುದಿಲ್ಲ ಎಂದು 2003ರಲ್ಲಿ ಗೊತ್ತಾಯಿತು.

ಹತ್ತು ತಿಂಗಳು ಹೊತ್ತು, ಆಮೇಲೆ ಹಾಲೂ ಕೊಡಬೇಕಾದ ಪ್ರಾಣಿ ಅದು. ಕಣಕಿಯ ಮೇಲೆ ನಿಂತ ಮೈಗೆ ಮೆದುಳು ‘ಬೇಡ’ ಎಂದರೆ ಅದನ್ನು ರೋಗ ಎಂದು ನಾನು ಕರೆಯುವುದಿಲ್ಲ. ಹಾಗೆಂದು ಹಿಂಡಿ ಸುರಿದರೆ ಒಂದು ವರ್ಷದ ಕರುವೂ ಬೆದೆಗೆ ಬಂದೀತು ಎಂದುಕೊಳ್ಳಬೇಡಿ. ವಯಸ್ಸೂ ಆಗಬೇಕು, ಮೈಯೂ ತುಂಬಬೇಕು.

ಕರಿಮಣ್ಣು (ರೋಣ):
ಮಾಸ್ತರರೇ, ಹಾಗಾದರೆ ಅದೇ ಹಾರ್ಮೋನನ್ನು ಚುಚ್ಚಿಸಿದರೆ ಮುಗಿಯಿತಲ್ಲ?

ನಿವೃತ್ತ ಮಾಸ್ತರ (ಧಾರವಾಡ):
ಮುಗಿಯುವುದಿಲ್ಲ. ಒಂದು ಸೂಜಿ ಒಂದು ಸಲ ಬಾಗಿಲು ತಟ್ಟಿದಂತೆ, ಅಷ್ಟಕ್ಕೇ ನಿಲ್ಲುತ್ತದೆ. ಎಡೆಬಿಡದೆ ಬಡಿದರೆ ಒಳಗಿನವರು ಕಿವಿ ಮುಚ್ಚಿಕೊಳ್ಳುತ್ತಾರೆ: ಬಿಡುವಿಲ್ಲದೆ ಕೊಟ್ಟ ಜಿಎನ್‌ಆರ್‌ಎಚ್ ಪಿಟ್ಯುಟರಿಯನ್ನು ಮಲಗಿಸುತ್ತದೆ. ತೀರ ಚಿಕ್ಕ ವಯಸ್ಸಿನಲ್ಲಿ ಪ್ರಾಯದ ಲಕ್ಷಣ ಕಂಡ ಮಕ್ಕಳಿಗೆ ವೈದ್ಯರು ಇದೇ ಜಾತಿಯ, ಬಹುದಿನ ಉಳಿಯುವ ಔಷಧ ಕೊಟ್ಟು ಪ್ರಾಯವನ್ನು ಮುಂದೂಡುತ್ತಾರೆ. ಮಣಕಗಳಿಗೆ ಬೇರೆ ಹಾರ್ಮೋನ್ ಚಿಕಿತ್ಸೆಗಳಿವೆ, ಇಲ್ಲವೆನ್ನುವುದಿಲ್ಲ. ಮೈ ತುಂಬದೆ ಅದಕ್ಕೆ ಹಣ ಸುರಿಯಬೇಡಿ.

ಕುರಿಹಟ್ಟಿ (ರಾಣೆಬೆನ್ನೂರು):
ಮಾಸ್ತರರೇ, ಕೋಣದ ಮಾತು ಬಿಟ್ಟಿರಿ. ಮತ್ತೆ, ಹೊರದೇಶದ ಕುರಿಗಳು ವರ್ಷದಲ್ಲಿ ಒಂದೇ ಕಾಲಕ್ಕೆ ಬೆದೆಗೆ ಬರುತ್ತವಂತೆ. ಅದೂ ತಲೆಯದೇ?

ನಿವೃತ್ತ ಮಾಸ್ತರ (ಧಾರವಾಡ):
ಅದೂ ತಲೆಯದೇ. ರಾತ್ರಿ ಎಷ್ಟು ಉದ್ದವೋ ಅಷ್ಟು ಹೊತ್ತು ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದರಿಂದಲೇ ಮೆದುಳಿಗೆ ಕಾಲ ತಿಳಿಯುತ್ತದೆ. ಉತ್ತರದ ದೇಶಗಳಲ್ಲಿ ವಸಂತದಲ್ಲಿ ಹುಟ್ಟಿದ ಮರಿ ಹಗಲು ಮೊಟಕಾಗುವವರೆಗೂ ಕಾಯುತ್ತದೆ. ನಮ್ಮಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕದಕ್ಕೂ ಎರಡು ಗಂಟೆಯ ಅಂತರವಿಲ್ಲ, ಹಾಗಾಗಿ ಮೇವಿನದೇ ಮೇಲುಗೈ. ಕೋಣವನ್ನು ಕಟ್ಟಲಿ, ನಷ್ಟವಿಲ್ಲ. ಗಂಡಿನ ವಾಸನೆಗೆ ಹೆಣ್ಣು ಇಲಿಗಳು ಬೇಗ ಪ್ರಾಯಕ್ಕೆ ಬರುತ್ತವೆ, ಹಂದಿಗಳಲ್ಲೂ ಹಾಗೆ. ಎಮ್ಮೆಯ ಮೇಲೆ ಅಷ್ಟೇ ಭರವಸೆ ನಾನು ಕೊಡಲಾರೆ.

ಹೈನುಮನೆ (ಹಾನಗಲ್):
ಅಣ್ಣ, ಮಾಸ್ತರರು ಮೆದುಳು ನೋಡಿದರು, ನಾನು ಸಗಣಿ ಕೇಳುತ್ತೇನೆ. ಅಕ್ಕನ ಮನೆಯಲ್ಲಿ ಜಂತಿನ ಔಷಧ ಹಾಕಿದ್ದರೇ? ಹೊಟ್ಟೆಯಲ್ಲಿ ಜಂತು ಇದ್ದರೆ ಹಾಕಿದ ಹಿಂಡಿ ಅವುಗಳ ಪಾಲು. ಎದೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಿಂದ ಅಳೆದು ಗೋಡೆಯ ಮೇಲೆ ಬರೆಯಿರಿ, ಮೈ ಏರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಮತ್ತೆ ಎಮ್ಮೆಯ ಬೆದೆ ಹೆಚ್ಚಾಗಿ ಮೂಕ ಬೆದೆ; ಕೂಗುವುದು, ಜಿಗಿಯುವುದು ಕಡಿಮೆ. ನಸುಕಿನಲ್ಲಿ ಎದ್ದು, ಮಲಗಿದ್ದ ಜಾಗದಲ್ಲಿ ಲೋಳೆ ಬಿದ್ದಿದೆಯೇ ನೋಡಿ.

ಕರಿಮಣ್ಣು (ರೋಣ):
ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಜಂತಿನ ಔಷಧ ಹಾಕಿಯೇ ಇಲ್ಲವಂತೆ. ನಾಳೆ ಸಗಣಿ ತೆಗೆದುಕೊಂಡು ಆಸ್ಪತ್ರೆಗೆ ಹೋಗುತ್ತೇನೆ. ಇಂಜೆಕ್ಷನ್ ಎಂದವರಿಗೆ ಸದ್ಯಕ್ಕೆ ಬೇಡ ಎಂದು ಹೇಳಿದ್ದೇನೆ, ಸಿಟ್ಟಾಗಿದ್ದಾರೆ.